ಸಿನಿಮಾ ನೋಡಿ ದೇಶ ಬಿಡುವ ನಿರ್ಧಾರ: ಅದನ್ನು ನಾವು ಹೇಗೆ ಕಾಣಬೇಕು?

ಮಾಟುಂಗಾ ಓದುಗ

ಒಂದು ಚಲನಚಿತ್ರ ಮನಸ್ಸಿಗೆ ಹತ್ತಿತು ಎಂಬ ಕಾರಣಕ್ಕೆ ಯಾರಾದರೂ ಹುಟ್ಟಿ ಬೆಳೆದ ದೇಶವನ್ನು ಬಿಟ್ಟು ಬೇರೆಡೆ ಬದುಕು ಕಟ್ಟಿಕೊಳ್ಳಲು ಹೊರಟರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಕೇ, ಅಥವಾ ಸಂಬಳ, ವಿದ್ಯಾಭ್ಯಾಸ ಮೊದಲಾದ ಕಾರಣಗಳಿಗೆ ಕೊಡುವ ಮನ್ನಣೆಯನ್ನೇ ಅದಕ್ಕೂ ಕೊಡಬೇಕೇ ಎಂಬುದು ನನ್ನ ಪ್ರಶ್ನೆ. ನಮ್ಮ ಕುಟುಂಬದಲ್ಲಿ ಈಗ ಇದೇ ಮಾತು ನಡೆಯುತ್ತಿದೆ. ಡೊಂಬಿವಲಿಯಲ್ಲಿ ಬೆಳೆದು ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನ್ನ ಅಕ್ಕನ ಮಗಳು ಜಪಾನಿಗೆ ಹೋಗುವುದಾಗಿ ಹೇಳಿದ್ದಾಳೆ. ಜಪಾನೇ ಏಕೆ ಎಂದು ಕೇಳಿದರೆ, ಮಕೋಟೋ ಶಿಂಕಾಯ್ ಅವರ 2016ರ ‘ಕಿಮಿ ನೋ ನಾ ವಾ’ ಎಂಬ ಅನಿಮೇಷನ್ ಚಿತ್ರವನ್ನು ಕಾಲೇಜಿನಲ್ಲಿದ್ದಾಗ ನೋಡಿದ್ದೇ ಮೊದಲ ಕಾರಣ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಆ ಚಿತ್ರದ ನಾಯಕಿ ಬೆಟ್ಟಗಳ ನಡುವಿನ ಸಣ್ಣ ಊರಿನವಳು. ಮುಂದಿನ ಜನ್ಮದಲ್ಲಾದರೂ ಟೋಕಿಯೋದ ಹುಡುಗನಾಗಿ ಹುಟ್ಟಬೇಕೆಂದು ಕೂಗಿ ಬೇಡಿಕೊಳ್ಳುವವಳು. ದಿನವೂ ಲೋಕಲ್ ರೈಲಿನಲ್ಲಿ ನಿಂತು ಹೋಗುವ ನಮ್ಮ ಹುಡುಗಿಗೆ, ಅಕ್ಕಪಕ್ಕದ ಹಳಿಗಳ ಮೇಲೆ ಓಡುವ ಎರಡು ರೈಲುಗಳಿಂದ ಇಬ್ಬರು ಒಬ್ಬರನ್ನೊಬ್ಬರು ಕಾಣುವ ಆ ಚಿತ್ರದ ದೃಶ್ಯ ಮನಸ್ಸಿನಿಂದ ಹೋಗಲೇ ಇಲ್ಲವಂತೆ.

ನನ್ನ ಭಾವನವರಿಗೆ ಇದು ಒಪ್ಪಿಗೆಯಾಗಿಲ್ಲ. ಸಂಬಳಕ್ಕಾಗಿ ಹೋಗುತ್ತೇನೆ ಎಂದಿದ್ದರೆ ಅವರು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ ಎಂದು ನನಗೆ ತೋರುತ್ತದೆ. 1966ರಲ್ಲಿ ‘ಲವ್ ಇನ್ ಟೋಕಿಯೋ’ ಎಂಬ ಹಿಂದಿ ಚಿತ್ರ ಬಂದಾಗ ನಮ್ಮ ಬಳಗದಲ್ಲಿ ಯಾರೂ ಟೋಕಿಯೋಗೆ ಹೊರಡಲಿಲ್ಲ. ಎರಡು ಗುಂಡುಮಣಿಗಳಿರುವ ರಬ್ಬರ್ ಬ್ಯಾಂಡಿಗೆ ಆ ಹೆಸರು ಬಂತು, ದಾದರಿನ ಅಂಗಡಿಗಳಲ್ಲಿ ಅದನ್ನು ಕೊಂಡು ಹೆಣ್ಣುಮಕ್ಕಳು ಜಡೆಗೆ ಹಾಕಿಕೊಂಡರು, ಅಲ್ಲಿಗೆ ಮುಗಿಯಿತು. ಅದೇ ನಗರ ತೆರೆಯ ಮೇಲೆ ಮತ್ತೊಮ್ಮೆ ಕಂಡಾಗ ಒಬ್ಬಳು ಹುಡುಗಿ ಅಲ್ಲಿಗೆ ಹೋಗಿಯೇ ನೆಲೆಸಬೇಕೆಂದು ನಿರ್ಧರಿಸುವಂತಾಗಲು ನಡುವೆ ಏನು ಬದಲಾಯಿತು? ಅನುಭವವಿರುವವರು ದಯವಿಟ್ಟು ಬರೆಯಿರಿ.

ವಡಾಳಾದ ಹಿರಿಯ

ಸಿನಿಮಾ ನೋಡಿ ಊರು ಬಿಡುವುದು ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಕುಂದಾಪುರದ ಕಡೆಯ ಹಳ್ಳಿಯ ಹುಡುಗರಿಗೆ ನಮ್ಮ ಕಾಲದಲ್ಲಿ ಮುಂಬಯಿಯೇ ಪರದೇಶವಾಗಿತ್ತು. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಬಹಳ ಹಿಂದೆ, ಘಟ್ಟ ಹತ್ತಿ ಸುತ್ತು ಬಳಸಿ ಬರುವ ಬಸ್ಸಿನಲ್ಲಿ ಇಲ್ಲಿಗೆ ಬಂದವನು ನಾನು. ಟೆಂಟ್ ಸಿನಿಮಾದಲ್ಲಿ ಮರೈನ್ ಡ್ರೈವಿನ ದೀಪಗಳನ್ನು ಕಪ್ಪು-ಬಿಳುಪಿನಲ್ಲಿ ಕಂಡಿದ್ದೆ. ಆ ದೀಪಗಳ ಕೆಳಗೆ ಒಮ್ಮೆ ನಡೆಯಬೇಕೆಂಬ ಆಸೆ ಹೊಟ್ಟೆಪಾಡಿನ ಚಿಂತೆಗಿಂತ ಏನೂ ಕಡಿಮೆಯಿರಲಿಲ್ಲ, ಆದರೆ ಮನೆಯಲ್ಲಿ ಹೇಳಿದ್ದು ಹೊಟ್ಟೆಪಾಡಿನ ಮಾತನ್ನು ಮಾತ್ರ, ಏಕೆಂದರೆ ಅದನ್ನು ಹೇಳಿದರೆ ಯಾರೂ ತಡೆಯುತ್ತಿರಲಿಲ್ಲ.

ಬಂದ ಮೇಲೆ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಮೇಜು ಒರೆಸಿದೆ, ಕೆಲಸ ಮುಗಿದ ಮೇಲೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ. ನನ್ನ ವಯಸ್ಸಿನ ಎಷ್ಟೋ ಮಂದಿ ಹಾಗೆಯೇ ಹತ್ತನೆಯ ತರಗತಿ ಮುಗಿಸಿ ಬ್ಯಾಂಕುಗಳಿಗೆ, ಕಚೇರಿಗಳಿಗೆ ಸೇರಿದರು. ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಮನೆಯ ಹೊಸಿಲು ದಾಟಿಸಿದ್ದು ಸಿನಿಮಾ, ಆದರೆ ಮುಂಬಯಿಯಲ್ಲಿ ಉಳಿಸಿದ್ದು ಪಕ್ಕದ ಊರಿನವರಾಗಿದ್ದ ಹೋಟೆಲ್ ಧಣಿಗಳು. ಅವರು ಮಲಗಲು ಜಾಗ ಕೊಟ್ಟರು, ಶಾಲೆಯ ಹೊತ್ತಿಗೆ ಕೆಲಸದಿಂದ ಬಿಟ್ಟರು. ನಿಮ್ಮ ಅಕ್ಕನ ಮಗಳಿಗೆ ಟೋಕಿಯೋದಲ್ಲಿ ಅಂಥವರು ಯಾರಿದ್ದಾರೆ ಎಂಬುದನ್ನು ಮೊದಲು ವಿಚಾರಿಸಿ. ಆಸೆ ಎಲ್ಲಿಂದ ಬಂತು ಎಂಬುದು ಅದಕ್ಕಿಂತ ಸಣ್ಣ ಪ್ರಶ್ನೆ.

ವಾಸ್ಕೋದಿಂದ ಒಬ್ಬ ಶಿಕ್ಷಕ

ಹಿರಿಯರ ಮಾತನ್ನು ಗೌರವಿಸುತ್ತಲೇ ಅದಕ್ಕೆ ಎದುರಾದ ಒಂದು ವಿಚಾರವನ್ನು ಇಡುತ್ತೇನೆ. ಗೋವೆಯಲ್ಲಿ ದೇಶ ಬಿಡುವುದಕ್ಕೆ ಸಿನಿಮಾದ ಅಗತ್ಯವೇ ಬೀಳುವುದಿಲ್ಲ. 1961ರ ಡಿಸೆಂಬರ್ 19ಕ್ಕೆ ಮೊದಲು, ಪೋರ್ಚುಗೀಸ್ ಆಡಳಿತದಲ್ಲಿ ಇಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಜನನ ನೋಂದಣಿ ಮಾಡಿಸಿ ಪೋರ್ಚುಗಲ್ಲಿನ ಪೌರತ್ವ ಪಡೆಯಲು ದಾರಿಯಿದೆ. ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ; ಆದರೂ ಹೋದವರು ಬಹಳ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದಾಗ ಆ ಪೌರತ್ವದ ಮೇಲೆ ಅಲ್ಲಿಗೂ ಹೋಗಿ ನೆಲೆಸಬಹುದಿತ್ತು; ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ಗೋವೆಯವರ ದೊಡ್ಡ ಸಮುದಾಯವೇ ಇದೆ. ಅವರನ್ನು ಕರೆದೊಯ್ದದ್ದು ಮೊದಲು ಹೋದ ಅಣ್ಣ, ಮಾವ, ನೆರೆಮನೆಯವರು. ಹಡಗಿನ ಕೆಲಸಕ್ಕೆ, ಗಲ್ಫಿಗೆ ಹೋಗುವವರ ವಿಷಯವೂ ಹೀಗೆಯೇ.

ಆದರೆ ಝುವಾರಿನಗರದಲ್ಲಿ, ಬೈನಾದಲ್ಲಿ ಇರುವ ನಮ್ಮ ಕನ್ನಡದ ಕುಟುಂಬಗಳಿಗೆ ಆ ದಾರಿ ಇಲ್ಲ. ಗದಗ, ವಿಜಯಪುರ, ಬಾಗಲಕೋಟೆ ಕಡೆಗಳಿಂದ ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಇವರು. ಲಿಸ್ಬನ್ನಿನ ದಾಖಲೆಪುಸ್ತಕದಲ್ಲಿ ಇವರ ಅಜ್ಜಂದಿರ ಹೆಸರಿಲ್ಲ, ಹೊರದೇಶದಿಂದ ಕಾಗದ ಬರೆಯುವ ಚಿಕ್ಕಪ್ಪನೂ ಇಲ್ಲ. ಒಂದೇ ತರಗತಿಯಲ್ಲಿ ಪಕ್ಕಪಕ್ಕ ಕುಳಿತ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಹೊರದೇಶವೆಂದರೆ ಅತ್ತೆಯ ಮನೆ, ಇನ್ನೊಬ್ಬನಿಗೆ ಮೊಬೈಲಿನಲ್ಲಿ ನೋಡಿದ ಚಿತ್ರ. ಆ ಎರಡನೆಯವನು ತಾನೂ ಹೋಗಬಹುದೆಂದು ಎಣಿಸಲು ಸಿನಿಮಾ ಬಿಟ್ಟರೆ ಬೇರೆ ಆಧಾರ ಯಾವುದಿದೆ? ನನ್ನ ಅಭಿಪ್ರಾಯದಲ್ಲಿ ಸಿನಿಮಾದ ಪ್ರೇರಣೆಯನ್ನು ಹಗುರವಾಗಿ ಕಾಣುವವರು ಸಾಮಾನ್ಯವಾಗಿ ಹೊರದೇಶದಲ್ಲಿ ಬಂಧುಗಳಿರುವವರೇ. ಯಾರೂ ಇಲ್ಲದವರಿಗೆ ಆ ಚಿತ್ರವೇ ಮೊದಲ ಬಂಧು. ಅದು ಮಲಗಲು ಜಾಗ ಕೊಡುವುದಿಲ್ಲ ಎಂಬುದು ನಿಜ; ಆದರೆ ಹೋಗಬೇಕೆಂಬ ಯೋಚನೆಗೆ ಜಾಗ ಕೊಡುತ್ತದೆ, ಮತ್ತು ಬಡ ಮನೆಗಳಲ್ಲಿ ಅಷ್ಟು ಸಿಗುವುದೇ ಕಷ್ಟ.

ಪುಣೆಯ ಜಪಾನೀ ಶಿಕ್ಷಕಿ

ಜಪಾನಿನ ಮಾತು ಬಂದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ. ಪುಣೆಗೆ ಜಪಾನೀ ಭಾಷೆಯೊಡನೆ ಹಳೆಯ ನಂಟು ಇದೆ. ಸಿಂಹಗಡ ರಸ್ತೆಯಲ್ಲಿರುವ ಪು. ಲ. ದೇಶಪಾಂಡೆ ಉದ್ಯಾನವನ್ನು ಒಕಾಯಾಮಾ ನಗರದ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದಾರೆ. ಇಲ್ಲಿ ಕಲಿಸುವವರೂ ಕಲಿಯುವವರೂ ಮೊದಲಿನಿಂದ ಹೆಚ್ಚು. ಹಿಂದೆ ನಮ್ಮ ತರಗತಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಾರ್ಖಾನೆಗಳ ಇಂಜಿನಿಯರುಗಳು, ಅನುವಾದಕರಾಗಲು ಬಯಸುವವರು. ಈಗ ಮೊದಲ ದಿನ ಏಕೆ ಬಂದಿರಿ ಎಂದು ಕೇಳಿದರೆ ಅರ್ಧ ತರಗತಿ ಒಂದಲ್ಲ ಒಂದು ಅನಿಮೇಷನ್ ಚಿತ್ರದ ಹೆಸರು ಹೇಳುತ್ತದೆ. ಅಭಿಮಾನಿಗಳ ಸಹಿ ಸಂಗ್ರಹದ ನಂತರ 2019ರಲ್ಲಿ ಶಿಂಕಾಯ್ ಅವರ ಇನ್ನೊಂದು ಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದನ್ನು ನೆನಪಿಸಿಕೊಂಡರೆ, ಈ ಪ್ರೀತಿ ಎಷ್ಟು ಹಬ್ಬಿದೆ ಎಂಬುದು ತಿಳಿಯುತ್ತದೆ.

ಚಿತ್ರಗಳಿಂದ ಬಂದವರಿಗೆ ಒಂದು ನಿಜವಾದ ಅನುಕೂಲವಿದೆ: ಅವರ ಕಿವಿ ಪಳಗಿರುತ್ತದೆ. ವಾಕ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಪಾಠದಿಂದ ಕಲಿತವರಿಗಿಂತ ಬೇಗ ಹಿಡಿಯುತ್ತಾರೆ. ತೊಂದರೆ ಬರುವುದು ಬೇರೆ ಕಡೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿಯ ಅಣಕು ಸಂದರ್ಶನ ನಡೆಸಿದೆವು. ಉಚ್ಚಾರಣೆ ಬಹಳ ಚೆನ್ನಾಗಿತ್ತು, ಆದರೆ ಕಂಪನಿಯ ವ್ಯವಸ್ಥಾಪಕನ ಪಾತ್ರದಲ್ಲಿ ಕುಳಿತಿದ್ದ ನನ್ನ ಹಿರಿಯ ಸಹೋದ್ಯೋಗಿಗೆ ಅವನು ಶಾಲಾ ಗೆಳೆಯನಿಗೆ ಉತ್ತರ ಕೊಟ್ಟಂತೆ, ಮರ್ಯಾದೆಯ ಕ್ರಿಯಾರೂಪಗಳನ್ನೆಲ್ಲ ಬಿಟ್ಟು ಉತ್ತರಿಸಿದ. ಒರಟುತನದಿಂದಲ್ಲ, ಅವನು ಕೇಳಿದ್ದ ಜಪಾನೀ ಭಾಷೆಯಲ್ಲಿ ಎಲ್ಲರೂ ಹದಿನೇಳರ ಹರೆಯದವರೇ ಆಗಿದ್ದರು. ನನ್ನ ಸಹೋದ್ಯೋಗಿ ಪೆನ್ನು ಕೆಳಗಿಟ್ಟು, ನಗದೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಹುಡುಗ ಕಿವಿಯವರೆಗೂ ಕೆಂಪಾಗಿ ವಾಕ್ಯವನ್ನು ಮೊದಲಿನಿಂದ ಕಟ್ಟಿದ. ಅವನು ಈಗ ಜಪಾನಿನ ನಗೋಯಾದಲ್ಲಿದ್ದಾನೆ.

ಎರಡನೆಯ ಅಡ್ಡಿ ಕಾಂಜಿ ಲಿಪಿ. ಅಲ್ಲಿ ನಿತ್ಯ ಬಳಕೆಗೆಂದು ಗೊತ್ತುಪಡಿಸಿದ ಅಕ್ಷರಗಳೇ 2,136. ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಮೊದಲ ಹಂತವಾದ ಎನ್5ನ್ನು ಉತ್ಸಾಹದಿಂದಲೇ ದಾಟಬಹುದು; ಹಂತ ಏರಿದಂತೆ ಅಂಕೆ ಇಳಿಯುತ್ತದೆ. ಎನ್3ರ ಹತ್ತಿರ ಬರುವಾಗ ಅಕ್ಷರಗಳ ಭಾರಕ್ಕೆ ತರಗತಿ ತೆಳ್ಳಗಾಗುತ್ತದೆ. ಆ ಹೊತ್ತಿನಲ್ಲಿ ಉಳಿಯುವವರು ಯಾರೆಂದು ನಾನು ಗಮನಿಸುತ್ತ ಬಂದಿದ್ದೇನೆ. ಸಂಬಳದ ಲೆಕ್ಕ ಹಾಕಿ ಬಂದವರು ಜರ್ಮನಿಯ ಸಂಬಳ ಹೆಚ್ಚೆಂದು ಕೇಳಿದೊಡನೆ ಜರ್ಮನ್ ತರಗತಿಗೆ ಹೋಗಿಬಿಡುತ್ತಾರೆ. ಚಿತ್ರದ ಪ್ರೀತಿಯಿಂದ ಬಂದವರಿಗೆ ಹಾಗೆ ದೇಶ ಬದಲಿಸಲು ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ಆ ಒಂದೇ ಊರು. ಹುಡುಗಾಟವೆಂದು ನೀವು ಅಂಜುತ್ತಿರುವ ಆ ಪ್ರೀತಿಯೇ ಬಹಳ ಸಲ ಅವರನ್ನು ಎನ್2ರ ತನಕ ಎಳೆದು ತರುವುದನ್ನು ಕಂಡಿದ್ದೇನೆ.

ಠಾಣೆಯ ವಾಚಕಿ

ಶಿಕ್ಷಕಿಯವರು ಕಲಿಯುವವರನ್ನು ಕುರಿತು ಬರೆದರು. ನಾನು ಜೊತೆಯಲ್ಲಿ ಹೋದವರನ್ನು ಕುರಿತು ಬರೆಯುತ್ತೇನೆ. ಮದುವೆಯಾಗಿ ಪತಿಯೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿ ವರ್ಷಗಳ ಕಾಲ ಇದ್ದು ಮರಳಿದವಳು ನಾನು. ಪತಿಗೆ ನೌಕರಿಗಾಗಿ ಕೊಡುವ ಎಚ್-1ಬಿ ವೀಸಾ, ನನಗೆ ಅದನ್ನು ಅವಲಂಬಿಸಿದ ಎಚ್-4. ಎಚ್-4 ಪಡೆದ ಪತ್ನಿಯರಲ್ಲಿ ಕೆಲವರಿಗಾದರೂ ದುಡಿಯುವ ಅನುಮತಿ ಸಿಕ್ಕಿದ್ದು 2015ರಲ್ಲಿ, ಅದೂ ಪತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ನಾನು ಹೋದಾಗ ಅದೂ ಇರಲಿಲ್ಲ. ಎಂ.ಕಾಂ. ಓದಿದ್ದವಳು ಹಗಲೆಲ್ಲ ಅಪಾರ್ಟ್‌ಮೆಂಟಿನಲ್ಲಿ ಕುಳಿತಿದ್ದೆ.

ಇದರಲ್ಲಿ ಸಿನಿಮಾದ ಪಾತ್ರವೇನೆಂದರೆ, ಕನ್ನಡದಲ್ಲಿ ಈ ವಿಷಯದ ಮೇಲೆ ಎಲ್ಲರಿಗೂ ಗೊತ್ತಿರುವ ಚಿತ್ರವೊಂದಿದೆ: ನಾಗತಿಹಳ್ಳಿ ಚಂದ್ರಶೇಖರ ಅವರ ‘ಅಮೆರಿಕಾ ಅಮೆರಿಕಾ’. ಅಡಿಗರ ‘ಯಾವ ಮೋಹನ ಮುರಳಿ’ ಕವಿತೆ ಮನೆಮನೆಗೆ ತಲುಪಿದ್ದು ಆ ಚಿತ್ರದಿಂದ. ಅದಕ್ಕೆ ರಾಗ ಕಟ್ಟಿದ ಮನೋಮೂರ್ತಿಯವರು ತಾವೇ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದವರು. ದೂರದ ತೀರಕ್ಕೆ ಹೋದವರು ಏನನ್ನು ಕಳೆದುಕೊಳ್ಳುತ್ತಾರೆ, ಮದುವೆಯಾಗಿ ಹಿಂದೆ ಹೋದ ಹೆಣ್ಣಿನ ಒಂಟಿತನ ಎಂಥದು ಎಂಬುದನ್ನು ಆ ಚಿತ್ರ ನೇರವಾಗಿಯೇ ತೋರಿಸುತ್ತದೆ. ನಾನು ಅದನ್ನು ಮದುವೆಗೆ ಮೊದಲೇ ನೋಡಿದ್ದೆ, ಅತ್ತಿದ್ದೆ ಕೂಡ. ಆದರೆ ಗೆಳತಿಯರೊಡನೆ ಹೊರಗೆ ಬಂದಾಗ ನಾವು ಮಾತಾಡಿಕೊಂಡದ್ದು ಅಲ್ಲಿಯ ಅಗಲವಾದ ರಸ್ತೆಗಳನ್ನು ಕುರಿತು. ಎಚ್ಚರಿಕೆ ಹೇಳಲು ಮಾಡಿದ ಚಿತ್ರವೂ ಆ ವಯಸ್ಸಿನಲ್ಲಿ ಕರೆಯುವ ಚಿತ್ರವಾಗಿಬಿಡುತ್ತದೆ, ಏಕೆಂದರೆ ನೋವು ಪಾತ್ರಗಳಿಗೆ ಸೇರಿದ್ದು, ರಸ್ತೆ ಮಾತ್ರ ಎಲ್ಲರಿಗೂ ತೆರೆದದ್ದು ಎಂದು ಅನ್ನಿಸುತ್ತದೆ.

ಹೀಗಾಗಿ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿದ್ದೇನೆ. ತಾನೇ ಚಿತ್ರ ನೋಡಿ, ತಾನೇ ಭಾಷೆ ಕಲಿತು, ತನ್ನದೇ ವೀಸಾದಲ್ಲಿ ಹೋಗುವ ಹುಡುಗಿಯನ್ನು ತಡೆಯಬೇಡಿ. ಇನ್ನೊಬ್ಬರ ಕನಸಿನ ಹಿಂದೆ ಅವಲಂಬಿತಳಾಗಿ ಹೋಗುವ ಹುಡುಗಿಯ ಬಗ್ಗೆ ನೂರು ಪ್ರಶ್ನೆ ಕೇಳಿ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು: ಮದುವೆಯಾಗಿ ಹೋಗುವವಳನ್ನು ಬ್ಯಾಂಡು ಬಾರಿಸಿ ಕಳುಹಿಸುತ್ತೇವೆ, ಒಬ್ಬಳೇ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುತ್ತೇವೆ.

ಮುಲುಂಡ್ ಪ್ರವಾಸಿ

ಪ್ರವಾಸ ಏರ್ಪಡಿಸುವ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿದವನಾಗಿ ಒಂದು ವ್ಯತ್ಯಾಸವನ್ನು ತೋರಿಸಬಯಸುತ್ತೇನೆ. ಸಿನಿಮಾ ಗುಂಪುಗುಂಪಾಗಿ ಕಳುಹಿಸುವುದು ಪ್ರವಾಸಿಗಳನ್ನು. ನೆಲೆಸಲು ಹೋಗುವವರನ್ನು ಅದು ಒಬ್ಬೊಬ್ಬರನ್ನಾಗಿ ಆರಿಸುತ್ತದೆ. 1990ರ ದಶಕದಲ್ಲಿ ಕಾಶ್ಮೀರದ ಪರಿಸ್ಥಿತಿ ಕೆಟ್ಟಾಗ ಹಿಂದಿ ಚಿತ್ರಗಳ ಹಿಮದ ಹಾಡುಗಳು ಹೆಚ್ಚುಹೆಚ್ಚಾಗಿ ಸ್ವಿಟ್ಜರ್‌ಲೆಂಡಿನಲ್ಲಿ ಚಿತ್ರೀಕರಣಗೊಂಡವು. ಅವುಗಳನ್ನು ನೋಡಿದ ಲಕ್ಷಾಂತರ ಜನ ಆ ಬೆಟ್ಟಗಳಿಗೆ ಹೋಗಬೇಕೆಂದು ಹಣ ಕೂಡಿಟ್ಟರು. ಇಂಟರ್‌ಲಾಕೆನ್ ಊರಿನಲ್ಲಿ 2016ರಲ್ಲಿ ಹಿಂದಿ ಚಿತ್ರ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದರು. ಆದರೆ ನಾನು ಕಳುಹಿಸಿದ ಪ್ರವಾಸಿಗಳಲ್ಲಿ ಅಲ್ಲಿಯೇ ಬದುಕಬೇಕೆಂದು ಹೇಳಿದವರು ಬಹಳ ವಿರಳ. ಅವರಿಗೆ ಬೇಕಾಗಿದ್ದದ್ದು ಆ ಹಾಡಿನ ಜಾಗದಲ್ಲಿ ನಿಂತು ಒಂದು ಫೋಟೋ.

ನಮ್ಮ ಮರಾಠಾ ಮಂದಿರ ಚಿತ್ರಮಂದಿರದಲ್ಲಿ 1995ರಿಂದ ದಶಕಗಳ ಕಾಲ ಓಡುತ್ತ ಬಂದ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರವನ್ನೇ ನೋಡಿ. ಮುಂಬಯಿ ಸೆಂಟ್ರಲ್ಲಿನಲ್ಲಿ ಇಳಿದ ಎಷ್ಟೋ ಮಂದಿ ಸಾಮಾನು ಸಮೇತ ಹೋಗಿ ನೋಡಿದ ಚಿತ್ರ ಅದು. ಎಲ್ಲರಿಗೂ ನೆನಪಿರುವುದು ಯುರೋಪಿನ ರೈಲು, ಹಿಮ, ಕೊನೆಯಲ್ಲಿ ಚಾಚಿದ ಕೈ. ಆದರೆ ಚಿತ್ರ ತೆರೆದುಕೊಳ್ಳುವುದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ಪಾರಿವಾಳಗಳಿಗೆ ಕಾಳು ಹಾಕುತ್ತ ಪಂಜಾಬಿನ ಹೊಲಗಳನ್ನು ನೆನೆಯುವ ವಯಸ್ಸಾದ ತಂದೆಯೊಬ್ಬನಿಂದ. ನೆಲೆಸಲು ಹೋದವನ ಬದುಕನ್ನು ಚಿತ್ರ ಮೊದಲ ನಿಮಿಷಗಳಲ್ಲೇ ಹೇಳಿಬಿಡುತ್ತದೆ, ಆದರೆ ಅದನ್ನು ಯಾರೂ ಮನೆಗೆ ಕೊಂಡೊಯ್ಯುವುದಿಲ್ಲ. ಆದ್ದರಿಂದ ನಿಮ್ಮ ಅಕ್ಕನ ಮಗಳನ್ನು ಕೇಳಬೇಕಾದ ಪ್ರಶ್ನೆ ಇದು ಎಂದು ನನಗೆ ತೋರುತ್ತದೆ: ಆ ಚಿತ್ರದಲ್ಲಿ ಅವಳಿಗೆ ಹಿಡಿಸಿದ್ದು ನೋಡಿ ಬರಬಹುದಾದ ಜಾಗಗಳೇ, ಅಥವಾ ಅಲ್ಲಿಯ ದಿನಚರಿಯೇ? ಟೋಕಿಯೋದ ಯೋತ್ಸುಯಾ ಬಳಿಯ ಸುಗಾ ದೇವಾಲಯದ ಮೆಟ್ಟಿಲುಗಳನ್ನು ಆ ಚಿತ್ರದ ಅಭಿಮಾನಿಗಳು ಹುಡುಕಿಕೊಂಡು ಹೋಗುತ್ತಾರೆ. ಮೆಟ್ಟಿಲುಗಳಷ್ಟೇ ಸಾಕಾಗಿದ್ದರೆ ಒಂದು ವಾರದ ಪ್ರವಾಸದಲ್ಲಿ ಆಸೆ ತೀರುತ್ತದೆ.

ಮಾಟುಂಗಾ ಓದುಗ

ಈ ಪ್ರಶ್ನೆಯನ್ನು ನಿನ್ನೆ ಅವಳಿಗೆ ಕೇಳಿದೆ. ಮೆಟ್ಟಿಲುಗಳನ್ನು ನೋಡುವ ಆಸೆ ಇದ್ದೇ ಇದೆ, ಆದರೆ ಚಿತ್ರದಲ್ಲಿ ತನಗೆ ಹೆಚ್ಚು ಹಿಡಿಸಿದ್ದು ಹುಡುಗ ಶಾಲೆ ಮುಗಿಸಿ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ರಾತ್ರಿ ರೈಲಿನಲ್ಲಿ ಮನೆಗೆ ಮರಳುವ ಸಾಧಾರಣ ದಿನಗಳು ಎಂದಳು. ಊಟದ ಮೇಜಿನಲ್ಲಿ ಭಾವನವರೂ ಇದನ್ನು ಕೇಳಿಸಿಕೊಂಡರು. ಅವರ ತಂದೆಯವರೂ ವಡಾಳಾದ ಹಿರಿಯರಂತೆ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಮಾತು ಈಗ ‘ಏಕೆ’ ಎಂಬಲ್ಲಿಂದ ‘ಹೇಗೆ’ ಎಂಬಲ್ಲಿಗೆ ಬಂದಿದೆ. ಕೆಲಸ ಬಿಟ್ಟು ಅಲ್ಲಿಯ ಭಾಷಾ ಶಾಲೆಗೆ ಸೇರಿ ನಂತರ ನೌಕರಿ ಹುಡುಕುವುದು ಒಳ್ಳೆಯದೇ, ಇಲ್ಲಿಂದಲೇ ನೌಕರಿ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದೇ ಎಂಬುದು ಅವರ ಪ್ರಶ್ನೆ.

ಕೋಥ್ರೂಡ್ ನಿವಾಸಿ

ಹೋಗುವ ಮಾತಿನ ನಡುವೆ ಮರಳುವ ಮಾತನ್ನೂ ಸೇರಿಸಿರಿ. ಅಮೆರಿಕದಿಂದ ಭಾರತಕ್ಕೆ ಮರಳುವ ವಿಜ್ಞಾನಿಯ ಕಥೆಯಾದ 2004ರ ‘ಸ್ವದೇಸ್’ ಚಿತ್ರದ ಹಳ್ಳಿ ನಮ್ಮ ಪುಣೆಯಿಂದ ದೂರವಿಲ್ಲ. ವಾಯಿ ಬಳಿಯ ಮೇಣವಲಿಯ ನದಿಘಾಟಿನಲ್ಲಿ ಅದರ ಚಿತ್ರೀಕರಣ ನಡೆಯಿತು. ಹೊರದೇಶದಲ್ಲಿದ್ದ ನನ್ನ ಸಹಪಾಠಿಗಳಲ್ಲಿ ಮರಳಿ ಬಂದವರು ಆ ಚಿತ್ರದ ಹೆಸರನ್ನು ಹೇಳುತ್ತಾರೆ. ಅವರು ಮರಳಲು ತಂದೆ-ತಾಯಿಯರ ವಯಸ್ಸು, ಮಕ್ಕಳ ಶಾಲೆ ಮೊದಲಾದ ಕಾರಣಗಳೂ ಇದ್ದವು. ಆ ಕಾರಣಗಳು ವರ್ಷಗಳಿಂದ ಇದ್ದರೂ ಟಿಕೆಟ್ ತೆಗೆಯುವ ಧೈರ್ಯ ಬಂದದ್ದು ಚಿತ್ರ ನೋಡಿದ ಮೇಲೆ ಎಂಬುದು ಅವರ ಮಾತು. ಸಿನಿಮಾದಿಂದ ಹೊರಡುವುದನ್ನು ತಪ್ಪೆನ್ನುವ ನಾವು ಸಿನಿಮಾದಿಂದ ಮರಳಿದವರನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ.

ಪುಣೆಯ ಜಪಾನೀ ಶಿಕ್ಷಕಿ

ಭಾವನವರ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಇಂಜಿನಿಯರಿಂಗ್ ಪದವಿ ಮತ್ತು ಕೆಲಸದ ಅನುಭವ ಎರಡೂ ಇರುವವರು ಇಲ್ಲಿಂದಲೇ ನೌಕರಿ ಗೊತ್ತುಮಾಡಿಕೊಂಡು ಹೋಗುವುದು ಮೇಲು. ಭಾಷಾ ಶಾಲೆಗೆ ಸೇರಿದರೆ ಶುಲ್ಕ ಮತ್ತು ಬಾಡಿಗೆಯ ಭಾರ ಮೊದಲ ದಿನದಿಂದಲೇ ಬೀಳುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ದುಡಿಯುವುದಕ್ಕೂ ವಾರಕ್ಕೆ 28 ಗಂಟೆಗಳ ಮಿತಿಯಿದೆ. ನೌಕರಿ ಸಿಕ್ಕರೆ ಅಲ್ಲಿಯ ಕಂಪನಿಯೇ ವಲಸೆ ಇಲಾಖೆಯಲ್ಲಿ ಅರ್ಜಿ ಹಾಕಿ ಅರ್ಹತಾ ಪ್ರಮಾಣಪತ್ರವನ್ನು ತರಿಸಿ ಕಳುಹಿಸುತ್ತದೆ. ಅದನ್ನು ಇಟ್ಟುಕೊಂಡು ಇಲ್ಲಿ ವೀಸಾಕ್ಕೆ ಅರ್ಜಿ ಹಾಕಬೇಕು. ಆ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಮೂರು ತಿಂಗಳು, ಆದ್ದರಿಂದ ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡುವ ದಿನವನ್ನು ಅದು ಕೈಗೆ ಬಂದ ಮೇಲೆಯೇ ಗೊತ್ತುಮಾಡಲಿ.

ಭಾಷಾ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಎನ್2 ಇದ್ದರೆ ಸಂದರ್ಶನಗಳ ಬಾಗಿಲು ಬಹಳ ಅಗಲವಾಗಿ ತೆರೆಯುತ್ತದೆ. ಚಿತ್ರಗಳಲ್ಲಿ ಕಾಣದ ಕೆಲವು ಸಂಗತಿಗಳನ್ನು ಅವಳಿಗೆ ಮೊದಲೇ ತಿಳಿಸಿರಿ. ಮನೆ ಹಿಡಿಯುವಾಗ ಠೇವಣಿಯಲ್ಲದೆ, ಮರಳಿ ಬಾರದ ‘ರೇಯ್‌ಕಿನ್’ ಎಂಬ ಕಾಣಿಕೆಯನ್ನೂ ಕೆಲವು ಮಾಲೀಕರು ಕೇಳುತ್ತಾರೆ, ಜಾಮೀನು ನಿಲ್ಲುವ ಕಂಪನಿಗೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಗುತ್ತದೆ. ಹೀಗಾಗಿ ಮೊದಲ ತಿಂಗಳಿಗೆ ಹಲವು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿರಬೇಕು. ವಿಳಾಸ ಸಿಕ್ಕ 14 ದಿನಗಳೊಳಗೆ ಅದನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ ಗೊತ್ತಾದ ದಿನವೇ ಹೊರಗಿಡಬೇಕು, ತಪ್ಪಿದರೆ ಚೀಲ ಅಲ್ಲಿಯೇ ಉಳಿಯುತ್ತದೆ, ನೆರೆಯವರ ಮನಸ್ಸೂ ಕೆಡುತ್ತದೆ.

ವಡಾಳಾದ ಹಿರಿಯರು ಕೇಳಿದ ಪ್ರಶ್ನೆಗೂ ಉತ್ತರವಿದೆ. ನನ್ನಲ್ಲಿ ಕಲಿತು ಟೋಕಿಯೋದಲ್ಲಿ, ಯೋಕೊಹಾಮಾದಲ್ಲಿ ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳಿದ್ದಾರೆ, ಅವರಲ್ಲಿ ಕನ್ನಡದವರೂ ಇದ್ದಾರೆ. ಹೊಸಬರಿಗೆ ಮೊದಲ ವಾರಗಳಲ್ಲಿ ಕೋಣೆ ಹುಡುಕಿಕೊಡುವುದನ್ನು, ನಗರ ಕಚೇರಿಗೆ ಜೊತೆಯಲ್ಲಿ ಹೋಗುವುದನ್ನು ಅವರು ಸಂತೋಷದಿಂದ ಮಾಡುತ್ತಾರೆ. ನಿಮ್ಮ ಅಕ್ಕನ ಮಗಳು ಶನಿವಾರದ ತರಗತಿಯ ಹೊತ್ತಿಗೆ ಪುಣೆಗೆ ಬಂದರೆ ವಿಡಿಯೋ ಕರೆಯಲ್ಲಿ ಪರಿಚಯ ಮಾಡಿಸುತ್ತೇನೆ. ಭಾವನವರೂ ಜೊತೆಯಲ್ಲಿ ಬರಲಿ. ಆ ಹುಡುಗಿಯರ ತಂದೆಯಂದಿರೊಡನೆಯೂ ಅವರಿಗೆ ಮಾತನಾಡಲು ಅನುಕೂಲ ಮಾಡಿಕೊಡುತ್ತೇನೆ.